ಸಮುದ್ರಕ್ಕೆ ಬೆನ್ನು ಹಾಕಿ ಕುಳಿತ ಅವ್ವ

ಅವ್ವ ಬರುವುದಿಲ್ಲ ಎಂದಿದ್ದಳು. ಹೊರಡುವ ಹಿಂದಿನ ರಾತ್ರಿ ಮಾತಿಲ್ಲದೆ ತನ್ನ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಳು. ನಾನೂ ಏನೂ ಕೇಳಲಿಲ್ಲ. 2022ರ ನವೆಂಬರ್ 11, ಶುಕ್ರವಾರ ನಸುಕಿನ ಐದಕ್ಕೆ ಧಾರವಾಡ ಬಿಟ್ಟಾಗ ಟೆಂಪೊದಲ್ಲಿ ಐದು ಜನರಿದ್ದೆವು. ಜೊತೆಗೆ ಕಂಬಳಿ ಸುತ್ತಿದ ಒಂದು ಸೈಕಲ್ಲು, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ.

ಪಣಜಿಯಲ್ಲಿ ಭಾನುವಾರ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಇತ್ತು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3 ಬರುತ್ತದೆ, ಹೆಸರು ಬಂದದ್ದು ಹಾಗೆ. ಬಹಳಷ್ಟು ಜನ ಮೂರನ್ನೂ ಒಬ್ಬರೇ ಮಾಡುತ್ತಾರೆ. ಮೂವರು ಹಂಚಿಕೊಂಡು ಮಾಡುವ ರಿಲೇಯೂ ಇದೆ. ನಮ್ಮದು ರಿಲೇ. ಈಜು ನನ್ನದು. ಸೈಕಲ್ ಕಾಕಾನದು, ಮೂವತ್ತು ವರ್ಷಗಳಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು ಊರಿನ ಅರ್ಧ ಮಕ್ಕಳ ಪಂಕ್ಚರ್ ತಿದ್ದಿದವರು. ಓಟ ನರ್ಸ್ ತಂಗಿಯದು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಓಡಿಕೊಂಡೇ ಹೋಗುವ ಹುಡುಗಿ. ನಾವು ಮೂವರೂ ಪರಿಚಯವಾದದ್ದು ಕಾಕಾನ ಅಂಗಡಿಯ ಬೆಂಚಿನ ಮೇಲೆ. ಟೆಂಪೊ ಓಡಿಸಿದವನು ಕಾಕಾನ ಅಣ್ಣನ ಮಗ.

ನಾನು ಈಜುತ್ತೇನೆ ಎಂದರೆ ನಮ್ಮ ಮನೆಯಲ್ಲಿ ಅದಕ್ಕೆ ಬೇರೆಯದೇ ತೂಕವಿದೆ. ನನಗೆ ಎಂಟು ವರ್ಷವಿದ್ದಾಗ ಅವ್ವನ ತಮ್ಮ ಹೊಲದ ಬಾವಿಯಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಯ ಮಕ್ಕಳು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದದ್ದೇ ಇಲ್ಲ. ನಾನು ಈಜು ಕಲಿಯಲು ಹೋದದ್ದು 41ನೆಯ ವಯಸ್ಸಿನಲ್ಲಿ, ಅವ್ವನಿಗೆ ಹೇಳದೆ. ಕೊಳದ ನಾಲ್ಕು ಅಡಿಯ ತುದಿಯಲ್ಲಿ, ನನ್ನ ಶಾಲೆಯ ಆರನೆಯ ತರಗತಿಯ ಹುಡುಗಿಯರ ಪಕ್ಕದಲ್ಲಿ ಕಂಬಿ ಹಿಡಿದು ಕಾಲು ಬಡಿಯುವುದರಿಂದ ಶುರುವಾಯಿತು. ನಾನು ವಿಜ್ಞಾನದ ಶಿಕ್ಷಕಿ. ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬಿಡಿಸುತ್ತಿದ್ದ ಪ್ಲವನತೆಯ, ಅಂದರೆ ನೀರು ಮೇಲಕ್ಕೆ ತಳ್ಳುವ ಬಲದ, ಬಾಣದ ಗುರುತು ಒಂದು ದಿನ ನಿಜವಾಗಿಯೂ ನನ್ನ ಬೆನ್ನನ್ನು ಕೆಳಗಿನಿಂದ ಎತ್ತಿ ಹಿಡಿಯಿತು. ನೀರಿನಲ್ಲೇ ಅತ್ತೆ. ಹುಡುಗಿಯರು ಗಾಬರಿಯಾದರು.

ಅಳ್ನಾವರ ದಾಟಿ ಲೋಂಡಾ, ರಾಮನಗರ. ರಸ್ತೆಯ ಗುಂಡಿಗಳಲ್ಲಿ ಸೈಕಲ್ಲು ಅಲುಗಿದಾಗಲೆಲ್ಲ ಕಾಕಾ ಅದರ ಮುಂದಿನ ಗಾಲಿಯನ್ನು ಮಗುವಿನ ತಲೆಯಂತೆ ಹಿಡಿದುಕೊಳ್ಳುತ್ತಿದ್ದರು. ಅದು ಅವರ ಗಿರಾಕಿಯಾಗಿದ್ದ ಒಬ್ಬ ವೈದ್ಯರು ಎರವಲು ಕೊಟ್ಟ ಸೈಕಲ್ಲು. ಅನಮೋಡ ಘಾಟಿನ ತಿರುವುಗಳಲ್ಲಿ ಮಂಜು ಇನ್ನೂ ಇತ್ತು. ಅವ್ವ ಒಮ್ಮೆಲೇ ಕೇಳಿದಳು: "ಇದನ್ನು ಶುರು ಮಾಡಿದವರು ಯಾರು? ಅವರಿಗೆ ಬೇರೆ ಕೆಲಸ ಇರಲಿಲ್ಲವೇ?"

ಗೊತ್ತಿದ್ದಷ್ಟು ಹೇಳಿದೆ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇ ಎಂಬಲ್ಲಿ ಓಟದ ಕ್ಲಬ್ಬಿನವರು ಸೇರಿ ಮೊದಲ ಟ್ರಯಥ್ಲಾನ್ ಮಾಡಿದರು. ಬಂದವರು 46 ಮಂದಿ. ಅವರಲ್ಲೊಬ್ಬ ನೌಕಾಪಡೆಯ ಜಾನ್ ಕಾಲಿನ್ಸ್. 1978ರ ಫೆಬ್ರವರಿಯಲ್ಲಿ ಆತ ಹವಾಯಿಯಲ್ಲಿ ಇದನ್ನೇ ಬಹಳ ಉದ್ದ ಮಾಡಿ ನಡೆಸಿದ: 3.8 ಕಿಲೋಮೀಟರ್ ಈಜು, 180 ಸೈಕಲ್, ಕೊನೆಗೆ ಪೂರ್ತಿ ಮ್ಯಾರಥಾನ್. ಹೊರಟವರು 15, ಮುಟ್ಟಿದವರು 12. ನಮ್ಮದು ಅದರ ಅರ್ಧ. ಆಮೇಲೆ 1982ರಲ್ಲಿ ಅಲ್ಲಿಯೇ ನಡೆದದ್ದನ್ನೂ ಹೇಳಿದೆ. ಜೂಲಿ ಮಾಸ್ ಎಂಬ ಕಾಲೇಜು ಹುಡುಗಿ ಮುಂದಿದ್ದಳು, ಗುರಿ ಕಣ್ಣೆದುರಿಗೇ ಇತ್ತು, ಕಾಲು ಕೈಕೊಟ್ಟಿತು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಕೊನೆಗೆ ಅಂಬೆಗಾಲಿಟ್ಟು ಗೆರೆ ಮುಟ್ಟಿದಳು. ಅಷ್ಟರಲ್ಲಿ ಹಿಂದಿನವಳು ದಾಟಿ ಹೋಗಿದ್ದಳು. ಅಂತರ 29 ಸೆಕೆಂಡು. ಈ ಆಟವನ್ನು ಜಗತ್ತಿಗೆ ಪರಿಚಯಿಸಿದ್ದು ಗೆದ್ದವಳಿಗಿಂತ ಹೆಚ್ಚಾಗಿ ಅಂಬೆಗಾಲಿಟ್ಟವಳ ಚಿತ್ರ.

ಅವ್ವ ಗೆದ್ದವಳ ಹೆಸರು ಕೇಳಲಿಲ್ಲ. "ಬಿದ್ದ ಹುಡುಗಿಗೆ ಯಾರಾದರೂ ಒಂದು ಗುಟುಕು ನೀರು ಕೊಟ್ಟರೇ?" ಎಂದಳು. ಮೊಲ್ಲೆಂ ಬರುವವರೆಗೂ ಮತ್ತೆ ಮಾತಾಡಲಿಲ್ಲ.

ಪಣಜಿಯಲ್ಲಿ ಶುಕ್ರವಾರ, ಶನಿವಾರ ಹೋದದ್ದೇ ತಿಳಿಯಲಿಲ್ಲ. ನೋಂದಣಿ, ನಿಯಮಗಳ ವಿವರಣೆ, ಸಂಖ್ಯೆಯ ಚೀಟಿಗಳು. ಶನಿವಾರ ಸೈಕಲ್ಲುಗಳನ್ನು ತಂದು ಒಪ್ಪಿಸಬೇಕು. ಮಿರಾಮಾರ್ ದಂಡೆಯ ಹತ್ತಿರ ಸಾಲು ಸಾಲು ಕಬ್ಬಿಣದ ಕಂಬಿಗಳಿಗೆ ಸೀಟಿನಿಂದ ನೇತುಹಾಕಿದ್ದ ಸೈಕಲ್ಲುಗಳ ನಡುವೆ ಕಾಕಾ ಬಹಳ ಹೊತ್ತು ಅಡ್ಡಾಡಿದರು. ತಮ್ಮ ಜೀವಮಾನದಲ್ಲಿ ಮುಟ್ಟದ ಬಗೆಬಗೆಯ ಬ್ರೇಕು, ಗೇರುಗಳನ್ನು ಕೈ ಕಟ್ಟಿಕೊಂಡು ಬಾಗಿ ಬಾಗಿ ನೋಡಿದರು. ಹೊರಗೆ ಬಂದವರು, "ಅಕ್ಕೋರೇ, ಎಲ್ಲ ಚೆನ್ನಾಗಿದೆ. ಆದರೆ ಆರನೆಯ ಸಾಲಿನಲ್ಲಿ ಒಬ್ಬರ ಹಿಂದಿನ ಟೈರು ಸವೆದಿದೆ. ಯಾರದೆಂದು ತಿಳಿದಿದ್ದರೆ ಹೇಳಬಹುದಿತ್ತು" ಎಂದು ಪೇಚಾಡಿದರು.

ಭಾನುವಾರ ಕತ್ತಲಿರುವಾಗಲೇ ದಂಡೆಗೆ ಹೋದೆವು. ಗಾಳಿಮರಗಳ ಕೆಳಗೆ ನೂರಾರು ಜನ. ಸುಮ್ಮನೆ ಕಣ್ಣು ಮುಚ್ಚಿ ಕುಳಿತವರು, ಮಕ್ಕಳನ್ನು ಅಪ್ಪಿಕೊಂಡವರು, ಎರಡೆರಡು ಸಲ ಕನ್ನಡಕ ಒರೆಸುವವರು. ಎಲ್ಲರೂ ಪಳಗಿದ ಆಟಗಾರರೇ ಇರುತ್ತಾರೆ ಎಂದುಕೊಂಡಿದ್ದೆ. ಪಕ್ಕದಲ್ಲಿ ನಿಂತಿದ್ದ ಮಧ್ಯವಯಸ್ಸಿನ ಹೆಂಗಸಿನ ಕೈ ನನ್ನ ಕೈಯಷ್ಟೇ ನಡುಗುತ್ತಿತ್ತು. ಪರಸ್ಪರ ನೋಡಿದೆವು, ಕೈ ಹಿಡಿದುಕೊಂಡೆವು. ಭಾಷೆ ಬೇಕಾಗಲಿಲ್ಲ.

ಎಡಗಾಲಿನ ಹರಡಿನ ಮೇಲೆ ಒಂದು ಪಟ್ಟಿ ಕಟ್ಟಿದ್ದರು. ಅಂಗೈ ಅಗಲವೂ ಇಲ್ಲದ ಬಟ್ಟೆ, ಅದರಲ್ಲಿ ಸಮಯ ಎಣಿಸುವ ಎಲೆಕ್ಟ್ರಾನಿಕ್ ಚಿಪ್. ಒತ್ತಿದರೆ ಅಂಟುತ್ತದೆ, ಎಳೆದರೆ ಚರ್ರೆಂದು ಬಿಚ್ಚುತ್ತದೆ. ರಿಲೇಯವರು ಇದನ್ನೇ ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಕಟ್ಟಬೇಕು. ನಾನು ಇದನ್ನು ದಂಡೆಗೆ ತಾರದಿದ್ದರೆ ಕಾಕಾ ಸೈಕಲ್ ಮುಟ್ಟುವ ಹಾಗಿಲ್ಲ, ತಂಗಿ ಒಂದು ಹೆಜ್ಜೆ ಓಡುವ ಹಾಗಿಲ್ಲ. ಅವ್ವ ಬಗ್ಗಿ ಆ ಪಟ್ಟಿಯನ್ನು ಇನ್ನೊಮ್ಮೆ ಒತ್ತಿದಳು. ನಂತರ ಮರಳಿನ ಮೇಲೆ ಸೀರೆಯ ಸೆರಗು ಹೊದ್ದು, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತುಬಿಟ್ಟಳು.

ಕೆಲವರಂತೆ ಕೆಲವರನ್ನು ನೀರಿಗೆ ಬಿಡುತ್ತಿದ್ದರು. ಮಾಂಡೋವಿ ನದಿ ಕಡಲು ಸೇರುವ ಜಾಗವದು. ನೀರು ಬೆಚ್ಚಗಿತ್ತು, ಕೆಂಚಗಿತ್ತು. ಮುಖ ಮುಳುಗಿಸಿದರೆ ನನ್ನ ಕೈಬೆರಳೇ ನನಗೆ ಕಾಣಲಿಲ್ಲ. ಕೊಳದ ತಳದಲ್ಲಿ ದಾರಿ ತೋರಿಸುವ ಕಪ್ಪು ಗೆರೆ ಇರುತ್ತದೆ, ಸಮುದ್ರದಲ್ಲಿ ಅದಿಲ್ಲ. ನಾಲ್ಕೈದು ಬೀಸಿಗೊಮ್ಮೆ ಮೊಸಳೆಯಂತೆ ಕಣ್ಣಷ್ಟನ್ನೇ ಮೇಲೆತ್ತಿ ದೂರದ ಬಣ್ಣದ ತೇಲುಗುರುತನ್ನು ಹುಡುಕಬೇಕು. ಇದನ್ನು ಕಾರವಾರದ ಟಾಗೋರ್ ಕಡಲತೀರದಲ್ಲಿ ನಾಲ್ಕು ಭಾನುವಾರ ಅಭ್ಯಾಸ ಮಾಡಿದ್ದೆ. ಆದರೆ ಅಲ್ಲಿ ಯಾರ ಕಾಲೂ ನನ್ನ ಮುಖಕ್ಕೆ ಬಡಿದಿರಲಿಲ್ಲ.

ಮೊದಲ ಗುರುತಿಗೆ ಇನ್ನೂ ದೂರವಿತ್ತು. ಯಾರದೋ ಹಿಮ್ಮಡಿ ನನ್ನ ಕನ್ನಡಕಕ್ಕೆ ತಾಗಿತು. ತಲೆ ಎತ್ತಿದೆ, ಅಲೆ ಬಾಯಿಗೆ ಬಂತು. ಅಷ್ಟೇ. ಎದೆ ಕಟ್ಟಿತು. ಎಷ್ಟು ಉಸಿರು ಎಳೆದುಕೊಂಡರೂ ಸಾಲದು. ಬಾವಿಯ ಕಟ್ಟೆ, ಹಗ್ಗ, ಅಜ್ಜಿಯ ಕೂಗು, ಮೂವತ್ತೈದು ವರ್ಷ ಹಿಂದಿನದೆಲ್ಲ ಆ ಕೆಂಚು ನೀರಿನಲ್ಲಿ ಎದುರಿಗೆ ಬಂದು ನಿಂತಿತು. ಕೈ ಎತ್ತಿದೆ.

ಒಂದು ಕಯಾಕ್ ದೋಣಿ ಬಂತು. ಅದನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ದೋಣಿ ನಮ್ಮನ್ನು ಮುಂದಕ್ಕೆ ಎಳೆಯಬಾರದು, ಅಷ್ಟೇ. ಅದರಲ್ಲಿದ್ದ ಹುಡುಗನಿಗೆ ಇಪ್ಪತ್ತೂ ದಾಟಿರಲಿಕ್ಕಿಲ್ಲ. "ಅಮ್ಮಾ, ಉಸಿರು ಎಳೆಯಬೇಡಿ. ಬಿಡಿ. ಪೂರ್ತಿ ಬಿಡಿ" ಎಂದು ಹಿಂದಿಯಲ್ಲಿ ಹೇಳಿದ. ನಿಜ, ಹೆದರಿದವರು ಎಳೆದುಕೊಳ್ಳುತ್ತಲೇ ಹೋಗುತ್ತಾರೆ. ಹಳೆಯ ಗಾಳಿ ಹೊರಗೆ ಹೋಗದೆ ಹೊಸದಕ್ಕೆ ಜಾಗವೆಲ್ಲಿ? ಊದಿದೆ. ಮತ್ತೆ ಊದಿದೆ. ಆಗ ದೋಣಿಯ ಆಚೆ ಬದಿಯಲ್ಲಿ ಇನ್ನೊಂದು ಕೈ ಕಂಡಿತು. ದಂಡೆಯಲ್ಲಿ ನನ್ನ ಕೈ ಹಿಡಿದಿದ್ದ ಹೆಂಗಸೇ. ಅವಳೂ ಊದುತ್ತಿದ್ದಳು. ಇಬ್ಬರೂ ಒಂದೇ ಸಲ ದೋಣಿ ಬಿಟ್ಟೆವು. ಅಲ್ಲಿಂದ ಬಹಳ ದೂರ, ನಾನು ಉಸಿರಿಗೆ ಮುಖ ಹೊರಳಿಸಿದಾಗಲೆಲ್ಲ ಅವಳ ಟೋಪಿ ಪಕ್ಕದಲ್ಲಿತ್ತು. ಯಾವ ತಿರುವಿನಲ್ಲಿ ತಪ್ಪಿಹೋದಳೋ.

ಕಾಲಿಗೆ ಮರಳು ತಾಗಿದಾಗ 58 ನಿಮಿಷವಾಗಿತ್ತು. ಈಜಿಗೆ ಕೊಟ್ಟಿದ್ದು ಒಂದು ಗಂಟೆ ಹತ್ತು ನಿಮಿಷ. ಅವ್ವ ಕುಳಿತಲ್ಲಿಯೇ ಇದ್ದಳು, ಬೆನ್ನೂ ಹಾಗೆಯೇ ಇತ್ತು. ಆದರೆ ಟೆಂಪೊದ ಹುಡುಗನನ್ನು ತನ್ನೆದುರಿಗೆ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸಿಕೊಂಡಿದ್ದಳು. ಇಡೀ 58 ನಿಮಿಷ, ಎಷ್ಟು ಟೋಪಿ ಒಳಗೆ, ಎಷ್ಟು ಟೋಪಿ ಹೊರಗೆ ಎಂದು ಅವನಿಂದ ಎಣಿಸಿದ್ದಳಂತೆ. ನಾನು ಓಡುತ್ತಲೇ "ಅವ್ವಾ" ಎಂದು ಕೂಗಿದೆ. ಆಗ ತಿರುಗಿದಳು.

ಸೈಕಲ್ ಸಾಲಿನಲ್ಲಿ ಕಾಕಾ ಕುಕ್ಕರುಗಾಲಲ್ಲಿ ಕುಳಿತು ನನ್ನ ಕಾಲಿನ ಪಟ್ಟಿ ಬಿಚ್ಚಿ ತಮ್ಮ ಕಾಲಿಗೆ ಕಟ್ಟಿಕೊಂಡರು. ಹೆಲ್ಮೆಟ್ಟಿನ ಗುಂಡಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು. ಅದನ್ನು ಮರೆಯಬಾರದೆಂದು ವಾರವಿಡೀ ಜಪ ಮಾಡಿದ್ದರು. ಮರೆಯಲಿಲ್ಲ.

ಮೂರೂವರೆ ಗಂಟೆಯಲ್ಲಿ ಬರುತ್ತೇನೆ ಎಂದಿದ್ದರು. ಮೂರೂವರೆ ಆಯಿತು, ಮುಕ್ಕಾಲಾಯಿತು. ತಂಗಿ ಬೂಟಿನ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಸಾಕಾಗಿದ್ದಳು. ನನಗೆ ಬೇಡದ ಯೋಚನೆಗಳೆಲ್ಲ ಬಂದವು. ಕೊನೆಗೆ ಬಂದರು, ಬೆರಳುಗಳೆಲ್ಲ ಕಪ್ಪು. ಅರವತ್ತನೆಯ ಕಿಲೋಮೀಟರಿನ ಹತ್ತಿರ ಒಬ್ಬ ಹುಡುಗ ರಸ್ತೆ ಬದಿಯಲ್ಲಿ ಪಂಕ್ಚರ್ ಆದ ಸೈಕಲ್ ಹಿಡಿದು ಅಳುತ್ತಾ ನಿಂತಿದ್ದನಂತೆ. ಹೊರಗಿನವರ ನೆರವು ಪಡೆಯುವ ಹಾಗಿಲ್ಲ, ಆದರೆ ಸ್ಪರ್ಧಿಗೆ ಸ್ಪರ್ಧಿ ಟ್ಯೂಬ್ ಕೊಡಬಹುದು. ಕಾಕಾ ಇಳಿದರು, ತಮ್ಮ ಹೆಚ್ಚುವರಿ ಟ್ಯೂಬ್ ಕೊಟ್ಟರು, ಅವನ ಕೈ ನಡುಗುತ್ತಿದ್ದರಿಂದ ಟೈರು ಎಬ್ಬಿಸಲು ತಾವೂ ಕೈ ಹಾಕಿದರು. "ಆರನೆಯ ಸಾಲಿನ ಸೈಕಲ್ಲೇ ಅಕ್ಕೋರೇ. ನೋಡಿಕೊಂಡೂ ಹೇಗೆ ಮುಂದೆ ಹೋಗಲಿ?" ಎಂದರು. ಹಾಗೆ ಹೋಗಲು ಆಗದ ಮನುಷ್ಯ ನಮ್ಮ ತಂಡದಲ್ಲಿದ್ದಾರೆ ಎಂಬುದು ನನಗೆ ಆ ದಿನದ ಯಾವ ಸಮಯಕ್ಕಿಂತಲೂ ದೊಡ್ಡದು.

ಪಟ್ಟಿ ತಂಗಿಯ ಕಾಲಿಗೆ ಹೋಯಿತು, ಗ್ರೀಸಿನ ಗುರುತಿನ ಸಮೇತ. ಆಗ ಬಿಸಿಲು ನೆತ್ತಿಗೇರುತ್ತಿತ್ತು.

ಗೋವೆಯ ಕರಾವಳಿಯ ಬಿಸಿಲಿಗಿಂತ ಅದರ ಸೆಕೆ ಕಷ್ಟ. ನಮ್ಮ ಧಾರವಾಡದ ಗಾಳಿಯಲ್ಲಿ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ; ಇಲ್ಲಿ ಬೆವರು ಹಾಗೆಯೇ ಹರಿಯುತ್ತದೆ. ಎರಡನೆಯ ಸಲ ನಮ್ಮೆದುರು ಹಾಯ್ದಾಗ ತಂಗಿ ನಡೆಯುತ್ತಿದ್ದಳು. ನಾನು ಜೋರಾಗಿ ಕೂಗಿದೆ: "ತಂಗೀ, ಮುಂದಿನ ಮರದವರೆಗೆ ಮಾತ್ರ ಓಡು!" ಆ ಕೂಗಿಗೆ ರಸ್ತೆಯ ಆಚೆ ಪೊರಕೆ ಹಿಡಿದು ನಿಂತಿದ್ದ ಮೂವರು ಹೆಂಗಸರು ಒಟ್ಟಿಗೆ ತಿರುಗಿದರು. "ಕನ್ನಡದವರೇ? ಯಾವ ಊರು?" ಬಾದಾಮಿಯ ಕಡೆಯವರು, ಗೋವೆಗೆ ಬಂದು ಹನ್ನೆರಡು ವರ್ಷವಾಯಿತಂತೆ. ಕಟ್ಟಡ ಕೆಲಸಕ್ಕೆ, ರಸ್ತೆ ಗುಡಿಸಲು, ತರಕಾರಿ ಮಾರಲು ನಮ್ಮ ಉತ್ತರ ಕರ್ನಾಟಕದ ಎಷ್ಟು ಸಂಸಾರಗಳು ಘಾಟು ಇಳಿದು ಇಲ್ಲಿ ಬೇರು ಬಿಟ್ಟಿವೆ! ತಂಗಿ ಮತ್ತೆ ಹಾಯ್ದಾಗ ಮೂವರೂ ಪೊರಕೆ ಮೇಲೆತ್ತಿ ಕೂಗಿದರು: "ಓಡು ನಮ್ಮವ್ವಾ, ಓಡು!" ಅವಳು ಮೊದಲು ಬೆಚ್ಚಿದಳು, ನಂತರ ನಕ್ಕಳು, ಓಡಿದಳು. ಆ ಮೂವರಲ್ಲಿ ಹಿರಿಯಳು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ನಮ್ಮದು ಏಳು ಗಂಟೆ ನಲವತ್ತೊಂಬತ್ತು ನಿಮಿಷ. ಮೂವರೂ ಪದಕ ಹಾಕಿಸಿಕೊಂಡೆವು. ಕಾಕಾನ ಕೈ ಇನ್ನೂ ಕಪ್ಪಾಗಿತ್ತು. ಪಂಕ್ಚರಿನ ಹುಡುಗ ಹುಡುಕಿಕೊಂಡು ಬಂದು ಅವರ ಕಾಲು ಮುಟ್ಟಿದ, ಅವನೂ ಮುಗಿಸಿದ್ದ. ನನ್ನ ಜೊತೆ ಈಜಿದವಳನ್ನು ಎಲ್ಲ ಕಡೆ ಹುಡುಕಿದೆ, ಸಿಗಲಿಲ್ಲ.

ಇನ್ನು ಹೊರಡೋಣ ಎಂದರೆ ಅವ್ವ ಏಳಲಿಲ್ಲ. "ಇನ್ನೂ ಜನ ಬರುವುದಿದೆ" ಎಂದಳು. ಗಡುವು ಎಂಟೂವರೆ ಗಂಟೆ. ಮುಂದಿನ ಹೊತ್ತೆಲ್ಲ ಕೊನೆಯವರನ್ನು ನೋಡುತ್ತಾ ನಿಂತೆವು. ಕುಂಟುತ್ತ ಬಂದವರು, ಅಳುತ್ತ ಬಂದವರು. ಬೆಳಿಗ್ಗೆಯೇ ಮುಗಿಸಿ ಸ್ನಾನ ಮಾಡಿ ಬಂದಿದ್ದ ವೇಗದವರೂ ಕಟಕಟೆಯ ಬಳಿ ನಿಂತು ಅವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಗಡುವಿಗೆ ಕೆಲವೇ ನಿಮಿಷವಿದ್ದಾಗ ಬಿಳಿಗೂದಲಿನ ಒಬ್ಬ ಹಿರಿಯರು ತಿರುವಿನಲ್ಲಿ ಕಾಣಿಸಿಕೊಂಡರು. ಮೂರನ್ನೂ ಒಬ್ಬರೇ ಮಾಡಿದವರು. ಒಂದು ಬದಿಗೆ ವಾಲಿಕೊಂಡು ಓಡುತ್ತಿದ್ದರು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು. ಅವರು ಗೆರೆ ದಾಟಿದರು, ನಾಲ್ಕು ಹೆಜ್ಜೆ ನಡೆದು ಮರದ ನೆರಳಿನಲ್ಲಿ ಕುಳಿತರು.

ಅವ್ವ ನನ್ನ ಕಡೆ ತಿರುಗಿದಳು. "ಊಟವಾಗಿದೆಯೋ ಇಲ್ಲವೋ ಕೇಳು" ಎಂದಳು. ನಾನು ಬಾಯಿ ತೆರೆಯುವ ಮೊದಲೇ ರೊಟ್ಟಿಯ ಗಂಟು ಬಿಚ್ಚುತ್ತಾ ಅವರ ಕಡೆ ನಡೆದಿದ್ದಳು.