‘ಸಂಗೀತ ಬಿಟ್ಬಿಟ್ರಾ?’ ಅಂತ ಕೇಳುವ ಎಲ್ಲರಿಗೂ

ಇಲ್ಲ, ಬಿಟ್ಟಿಲ್ಲ.

ಇಷ್ಟೇ ಉತ್ತರ. ಇಲ್ಲಿಗೇ ಮುಗಿಸಬಹುದಿತ್ತು, ಕೇಳಿದವರು ಬಿಡಬೇಕಲ್ಲ. ನಾನು ದಶಕಗಳ ಕಾಲ ಬೇರೆಬೇರೆ ಬ್ಯಾಂಡ್‌ಗಳಲ್ಲಿ ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರದ ದಪ್ಪ ತಂತಿಯ ಗಿಟಾರ್, ನುಡಿಸಿದವನು. ಈಗ ಸ್ಪೀಕರು, ಲೈಟು, ಲ್ಯಾಪ್‌ಟಾಪು ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡು ಕರೆದಲ್ಲಿಗೆ ಹೋಗುವ ಡಿಜೆ. ಬಿಸಿನೆಸ್ ನನ್ನದೇ. ಹಳೆಯ ಪರಿಚಯದವರು ಸಿಕ್ಕರೆ ಸಾಕು, ಸಾವಿನ ಮನೆಯಲ್ಲಿ ಮಾತಾಡುವ ದನಿ ತೆಗೆಯುತ್ತಾರೆ. “ಅಷ್ಟು ಚೆನ್ನಾಗಿ ನುಡಿಸ್ತಿದ್ರಿ. ಎಲ್ಲಾ ಬಿಟ್ಟು ಇದಕ್ಕೆ ಯಾಕೆ ಬಂದ್ರಿ?”

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ, ನೀವು ಕೇಳಬೇಕು ಅಂದುಕೊಂಡಿದ್ದು ಅದೇ ಅಲ್ವಾ? ಹೌದು, ದುಡ್ಡೂ ಒಂದು ಕಾರಣ. ಐದು ಜನರ ಬ್ಯಾಂಡ್ ಅಂದರೆ ಬಂದ ಹಣ ಐದು ಪಾಲು. ಅದಕ್ಕೂ ಮೊದಲು ಗಾಡಿಯ ಬಾಡಿಗೆ, ಸೌಂಡ್‌ನವರ ಬಾಡಿಗೆ. ಅಭ್ಯಾಸಕ್ಕೆ ಕೂತ ಸಂಜೆಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ. ಗಾಯಕನಿಗೆ ಗಂಟಲು ಕಟ್ಟಿದರೆ ಐವರ ಸಂಪಾದನೆಯೂ ಕಟ್ಟಿತು. ಅತಿಥಿಗಳು ಯಾವುದಾದರೂ ಹೊಸ ಹಾಡು ಕೇಳಿದರೆ ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಬುಕಿಂಗ್ ಕಡಿಮೆಯಾಯಿತು. ಡ್ರಮ್ಮರ್ ಕೆಲಸಕ್ಕೆ ಸೇರಿದ, ಕೀಬೋರ್ಡ್‌ನವನು ಊರು ಬಿಟ್ಟ. ನಾನು ಸ್ಪೀಕರ್ ಕೊಂಡೆ. ಇದರಲ್ಲಿ ಕಣ್ಣೀರು ಹಾಕುವಂಥದ್ದು ಏನೂ ಇಲ್ಲ.

ಹಳೆಯ ಬ್ಯಾಂಡ್‌ನ ಗೆಳೆಯನೊಬ್ಬ ಮಾತ್ರ ಸುತ್ತಿಬಳಸದೆ ನೇರವಾಗಿಯೇ ಅಂದ: “ನೀನು ನಮ್ಮ ಅನ್ನಕ್ಕೇ ಕಲ್ಲು ಹಾಕೋರ ಕಡೆ ಸೇರ್ಕೊಂಡೆ.” ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಜಗಳ ನನ್ನಿಂದ ಶುರುವಾದದ್ದಲ್ಲ. 1942ರ ಆಗಸ್ಟ್‌ನಲ್ಲಿ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ಮಾಡುವುದನ್ನೇ ನಿಲ್ಲಿಸಿತ್ತು. ರೇಡಿಯೊದವರು, ಜೂಕ್‌ಬಾಕ್ಸ್‌ನವರು (ಕಾಸು ಹಾಕಿದರೆ ಹಾಡು ಕೇಳಿಸುವ ಪೆಟ್ಟಿಗೆ ಇಟ್ಟವರು) ರೆಕಾರ್ಡ್ ಹಾಕಿ ದುಡಿದರೆ ನುಡಿಸಿದವರಿಗೆ ಏನು ಸಿಕ್ಕಿತು ಅನ್ನುವುದು ಅವರ ತಕರಾರು. ದೊಡ್ಡ ಕಂಪನಿಗಳ ಜೊತೆ ಅದು ಎರಡು ವರ್ಷಕ್ಕೂ ಜಾಸ್ತಿ ನಡೆಯಿತು. ಅವರ ತಕರಾರು ನ್ಯಾಯವಾದದ್ದೇ. ಆದರೂ ರೆಕಾರ್ಡ್ ಹೋಗಲಿಲ್ಲ. ಆಮೇಲೆ 1950ರ ದಶಕದ ಜಮೈಕಾ ನೋಡಿ. ಕಿಂಗ್‌ಸ್ಟನ್‌ನಲ್ಲಿ ದೊಡ್ಡ ಬ್ಯಾಂಡ್ ಕರೆಸುವಷ್ಟು ದುಡ್ಡಿಲ್ಲದ ಜನ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಕಟ್ಟಿ, ಬೀದಿಯಲ್ಲಿ ಇಟ್ಟು, ರೆಕಾರ್ಡ್ ಹಾಕಿ ಕುಣಿದರು. ಸೌಂಡ್ ಸಿಸ್ಟಮ್ ಅಂತಲೇ ಅದಕ್ಕೆ ಹೆಸರು. ಕಿಂಗ್‌ಸ್ಟನ್‌ನಲ್ಲೇ ಹುಟ್ಟಿದ ಡಿಜೆ ಕೂಲ್ ಹರ್ಕ್ ಅದರ ನೆನಪನ್ನು ನ್ಯೂಯಾರ್ಕಿಗೆ ಹೊತ್ತುಕೊಂಡು ಹೋದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಬರೀ ಡ್ರಮ್ ಬರುವ ಸಣ್ಣ ತುಂಡನ್ನೇ ಮತ್ತೆ ಮತ್ತೆ ನುಡಿಸಿ ಉದ್ದ ಮಾಡಿದರು. 1973ರಲ್ಲಿ ಅಲ್ಲಿನ ಬ್ರಾಂಕ್ಸ್‌ನಲ್ಲಿ ನಡೆದ ಅವರ ಪಾರ್ಟಿಯನ್ನೇ ಹಿಪ್‌ಹಾಪ್‌ನ ಹುಟ್ಟು ಅನ್ನುತ್ತಾರೆ. ಹಾಡು ಹಾಕುವವರು ಏನೂ ಹುಟ್ಟಿಸುವುದಿಲ್ಲ ಅಂದಿರಾ?

ಇರಲಿ. ಸಿಟ್ಟು ಬಂದದ್ದು ಒಂದು ರಿಸೆಪ್ಶನ್‌ನಲ್ಲಿ. ಅದನ್ನು ಹೇಳಲೇಬೇಕು.

ಅವತ್ತು ಮೊದಲು ಹುಡುಗರ ಬ್ಯಾಂಡ್, ಆಮೇಲೆ ನಾನು. ಅವರು ಸೌಂಡ್ ಚೆಕ್ ಶುರು ಮಾಡುತ್ತಿದ್ದ ಹಾಗೆ ಸ್ಪೀಕರಿನಿಂದ “ಮ್ಮ್ಮ್ಮ್” ಅಂತ ಒಂದೇ ಸಮನೆ ಸದ್ದು. ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಮೆಟ್ಟಿಲು (ಫ್ರೆಟ್) ಒತ್ತಿ ಮೀಟಿದರೆ 49 ಹರ್ಟ್ಜ್, ಅಂದರೆ ಸೆಕೆಂಡಿಗೆ 49 ಕಂಪನ, ಬರುತ್ತದೆ. ಕರೆಂಟಿನ ಈ ಸದ್ದು, ನಾವು ಹಮ್ ಅನ್ನುವುದು, 50. ನನ್ನ ಬೆರಳಿಗೇ ಗೊತ್ತಿರುವ ಸ್ವರ ಅದು, ಕೂದಲೆಳೆಯಷ್ಟು ಮೇಲೆ. ಹುಡುಗರು ಕೀಬೋರ್ಡಿನ ಬೇಸ್ ಇಳಿಸುತ್ತಾ ಹೋದರು. ಹಾಡು ತೆಳ್ಳಗಾಯಿತು, ಹಮ್ ಹೋಗಲಿಲ್ಲ. ಕೊನೆಗೆ ಒಬ್ಬ ಕಟಿಂಗ್ ಪ್ಲೇಯರ್ ಹಿಡಿದು ಬಂದ. “ಪ್ಲಗ್‌ನ ಅರ್ತ್ ಪಿನ್ ಕಿತ್ತುಬಿಡ್ತೀನಿ, ಸರಿಹೋಗುತ್ತೆ.”

ನಾನು ಕೂಗಿದ್ದು ಹಾಲ್‌ನ ಹೊರಗೂ ಕೇಳಿಸಿರಬೇಕು. ಅರ್ತ್ ಇಲ್ಲದ ವಾದ್ಯ ಮುಟ್ಟಿಕೊಂಡು ಲೋಹದ ಮೈಕಿಗೆ ತುಟಿ ತಾಗಿಸಿ ಹಾಡುವವರಿಗೆ ಯಾವತ್ತೋ ಒಂದು ದಿನ ಶಾಕ್ ಹೊಡೆಯುತ್ತದೆ. ಸುಮ್ನೆ ಜುಂ ಅನ್ನುವ ಶಾಕ್ ಅಲ್ಲ, ಜೀವ ಹೋಗುವ ಶಾಕ್. ಹಮ್‌ಗೆ ಕಾರಣ ತೀರಾ ಸರಳ. ಕೀಬೋರ್ಡಿಗೆ ಕರೆಂಟು ವೇದಿಕೆಯ ಸಾಕೆಟ್‌ನಿಂದ, ಎಲ್ಲರ ಸದ್ದು ಸೇರಿಸುವ ಮಿಕ್ಸರಿಗೆ ಹಾಲ್‌ನ ಹಿಂಬದಿಯ ಸಾಕೆಟ್‌ನಿಂದ. ಎರಡೂ ಕಡೆಯ ಅರ್ತ್ ಸರಿಸಮ ಇರುವುದಿಲ್ಲ. ನಡುವಿನ ಆಡಿಯೊ ಕೇಬಲ್ ಎರಡನ್ನೂ ಜೋಡಿಸಿದ್ದರಿಂದ ಅದರ ಹೊರಕವಚದಲ್ಲಿ ಕರೆಂಟ್ ಹರಿದು ಸದ್ದಾಗುತ್ತಿತ್ತು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಡಿಐ ಬಾಕ್ಸ್ ಇರುತ್ತದೆ, ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಸಣ್ಣ ಪೆಟ್ಟಿಗೆ. ಬ್ಯಾಂಡ್ ಕಾಲದ ಅಭ್ಯಾಸ. ಅದನ್ನು ನಡುವೆ ಸೇರಿಸಿ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದೆ. ಆಡಿಯೊ ಕೇಬಲಿನ ಅರ್ತ್ ದಾರಿ ತುಂಡಾಯಿತು, ಪ್ಲಗ್‌ನ ಅರ್ತ್ ಹಾಗೇ ಉಳಿಯಿತು. ಹಮ್ ನಿಂತಿತು. ಹುಡುಗರು ಚೆನ್ನಾಗಿ ನುಡಿಸಿದರು. ಹೋಗುವಾಗ ಡಿಐ ಬಾಕ್ಸನ್ನೂ ತೆಗೆದುಕೊಂಡು ಹೋದರು.

ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದ ಒಬ್ಬರು, ಮದುಮಗಳ ಕಡೆಯ ಹಿರಿಯರು, ನನ್ನನ್ನು ಹಳೆಯ ಕಾರ್ಯಕ್ರಮಗಳಲ್ಲಿ ಕಂಡವರು. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು ಕೇಳಿದರು: “ಇಷ್ಟೆಲ್ಲ ಗೊತ್ತಿದೆ ನಿಮಗೆ. ಸಂಗೀತ ಯಾಕೆ ಬಿಟ್ಬಿಟ್ರಿ?”

ನಾನು ಹೆಡ್‌ಫೋನ್ ಹಾಕಿಕೊಂಡೆ. ಡಿಜೆ ಆದಮೇಲೆ ಸಿಕ್ಕ ದೊಡ್ಡ ಸೌಕರ್ಯ ಅದು.

“ಬರೀ ಬಟನ್ ಒತ್ತೋದು ತಾನೆ?” ಅನ್ನುವವರೂ ಇದ್ದಾರೆ. ಹೌದು, ಒತ್ತುತ್ತೇನೆ. ಎರಡು ಹಾಡಿನ ವೇಗ ಸರಿಹೊಂದಿಸುವ ಸಿಂಕ್ ಬಟನ್ ಇದೆ, ನಾಚಿಕೆಯಿಲ್ಲದೆ ಬಳಸುತ್ತೇನೆ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಅನ್ನುವ, ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಶೇ 8ರಷ್ಟು ಏರಿಸಿ ಇಳಿಸುವ ಸ್ಲೈಡರ್ ಇತ್ತು. ಶೇ 6 ಏರಿಸಿದರೇ ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತಿತ್ತು. ಅದನ್ನು ಕಿವಿಯಿಂದಲೇ ಸಂಭಾಳಿಸಿದವರಿಗೆ ನಮಸ್ಕಾರ. ಈಗ ಆ ಕೆಲಸ ಕಂಪ್ಯೂಟರ್ ಮಾಡುತ್ತದೆ. ಮಾಡಲಿ, ಕಷ್ಟ ಇದ್ದದ್ದು ಅಲ್ಲಿ ಅಲ್ಲ.

ಕಷ್ಟ ಎಲ್ಲಿ ಅಂತ ಯಾರೂ ಕೇಳಿಲ್ಲ. ‘ಬೇಸ್ ನುಡಿಸಿದ್ದು ಡಿಜೆ ಕೆಲಸಕ್ಕೆ ಯಾವ ಉಪಯೋಗಕ್ಕೆ ಬಂತು?’ ಅಂತ ಕೇಳಿದ್ದರೆ ಕುರ್ಚಿ ಎಳೆದು ಕೂರಿಸಿ ಹೇಳುತ್ತಿದ್ದೆ.

ಬೇಸ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ಗಾಯಕ ಮುಂದಿನ ಸಾಲಿನವರ ಮುಖ ನೋಡುತ್ತಾನೆ, ಗಿಟಾರ್‌ನವನು ತನ್ನ ಬೆರಳನ್ನೇ ನೋಡಿಕೊಳ್ಳುತ್ತಾನೆ. ಹಿಂದೆ ಡ್ರಮ್ಮರ್ ಪಕ್ಕದಲ್ಲಿ ನಿಂತ ನನಗೆ ಇಡೀ ಹಾಲ್ ಕಾಣುತ್ತಿತ್ತು. ಅಲ್ಲಿ ಕಲಿತದ್ದನ್ನೇ ಈಗಲೂ ಮಾಡುವುದು. ನಡುವೆ ಕುಣಿಯುವವರನ್ನು ನಾನು ನೋಡುವುದೇ ಇಲ್ಲ, ಅವರು ಏನು ಹಾಕಿದರೂ ಕುಣಿಯುತ್ತಾರೆ. ಅಂಚಿನಲ್ಲಿ ನಿಂತವರ ಪಾದ ನೋಡುತ್ತೇನೆ. ಮಾತಾಡುತ್ತಲೇ ಹಿಮ್ಮಡಿ ತಾಳ ಹಾಕುತ್ತಿದ್ದರೆ ಅವರು ಮುಂದಿನ ಹಾಡಿಗೆ ಒಳಗೆ ಬರುತ್ತಾರೆ. ಹಿಮ್ಮಡಿ ನಿಂತರೆ ಕೈಲಿರುವ ಹಾಡಿಗೆ ಆಯಸ್ಸು ಕಡಿಮೆ.

ಹಾಗಂತ ತಕ್ಷಣ ಬದಲಾಯಿಸುವ ಹಾಗಿಲ್ಲ. ಬಹುಪಾಲು ಕುಣಿತದ ಹಾಡುಗಳು ಎಂಟು, ಹದಿನಾರು, ಮೂವತ್ತೆರಡು ಪೆಟ್ಟಿನ ಕಂತಿನಲ್ಲಿ ಸಾಗುತ್ತವೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ 32 ಪೆಟ್ಟಿಗೆ 16 ಸೆಕೆಂಡ್. ಆ ಕಂತು ಮುಗಿಯುವ ಕಡೆ ಹೊಸ ಹಾಡು ಬರಬೇಕು. ನಡುವೆ ತುರುಕಿದರೆ ಸಂಗೀತ ಗೊತ್ತಿಲ್ಲದವರ ಕಾಲೂ ಎಡವುತ್ತದೆ. ಯಾಕೆ ಎಡವಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ, ಸುಮ್ನೆ ನೀರು ಕುಡಿಯೋಕೆ ಹೋಗುತ್ತಾರೆ. ಮತ್ತೆ ಒಂದೇ ವೇದಿಕೆಯಲ್ಲಿ ಇಬ್ಬರು ಬೇಸ್ ನುಡಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು, ಬರೀ ಗೊಜಗೊಜ. ಹಾಗಾಗಿ ಎರಡು ಹಾಡು ಸೇರುವಾಗ ಹೊಸ ಹಾಡಿನ ಬೇಸ್ ಪೂರ್ತಿ ಇಳಿಸಿ ತರುತ್ತೇನೆ. ಕಂತು ತಿರುಗುವ ಪೆಟ್ಟಿಗೆ ಸರಿಯಾಗಿ ಹಳೆಯದರ ಬೇಸ್ ಕೆಳಗೆ, ಹೊಸದರದ್ದು ಮೇಲೆ. ಬಟನ್ ಒತ್ತುವುದು ಅಲ್ಲ, ಎರಡು ನಾಬ್ ತಿರುಗಿಸುವುದು. ಚೆನ್ನಾಗಿ ಕೂತರೆ ಯಾರಿಗೂ ತಿಳಿಯುವುದೇ ಇಲ್ಲ. ಬೇಸ್ ನುಡಿಸುವಾಗಲೂ ಹಾಗೇ ಇತ್ತು. ನಾನು ನಿಲ್ಲಿಸಿದಾಗ ಮಾತ್ರ ಜನ ತಿರುಗಿ ನೋಡುತ್ತಿದ್ದರು.

ಬ್ಯಾಂಡ್ ನೆನಪಾಗುತ್ತದಾ ಅಂದರೆ, ಆಗುತ್ತದೆ. ಹಾಡಿನ ಕೊನೆಗೆ ಡ್ರಮ್ಮರ್ ಕಣ್ಣಲ್ಲೇ ‘ಇನ್ನೊಂದು ಸುತ್ತು’ ಅನ್ನುತ್ತಿದ್ದ. ಲ್ಯಾಪ್‌ಟಾಪ್ ಹಾಗೆಲ್ಲ ಅನ್ನುವುದಿಲ್ಲ. ಆದರೆ ಅದು ತಡವಾಗಿ ಬರುವುದಿಲ್ಲ, ಪಾಲಿಗೆ ಜಗಳವನ್ನೂ ಆಡುವುದಿಲ್ಲ. ಎರಡೂ ನಿಜ.

ಇಷ್ಟು ಓದಿದ ಮೇಲೂ ಕೇಳಬೇಕು ಅನ್ನಿಸಿದರೆ ಕೇಳಿ. ಆ 16 ಸೆಕೆಂಡ್ ಮಾತ್ರ ಬಿಟ್ಟುಕೊಡಿ. ಕಾರ್ಯಕ್ರಮ ಮುಗಿದು ವ್ಯಾನ್ ತುಂಬುವಾಗ ಬಂದರಂತೂ ಇನ್ನೂ ಒಳ್ಳೆಯದು. ಸಬ್‌ವೂಫರ್‌ನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕು.