ಹಂಚಿನ ಬೆನ್ನ ಮೇಲಿನ ಅಕ್ಷರ

1978ರ ಮಾತು. ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಒಂದು ಸಂಜೆ ಬೆಲ್ ಹೊಡೆಯುವ ಮೊದಲು ನಮ್ಮ ಕನ್ನಡ ಮಾಸ್ಟ್ರು ಹೇಳಿದರು: "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಹಂಚು ತನ್ನಿ."

ಆಗ ಮಂಗಳೂರಿನಲ್ಲಿ ಹಂಚು ಇಲ್ಲದ ಮನೆ ಕಡಿಮೆ. ಅಂಗಳದ ಮೂಲೆಯಲ್ಲಿ ನಾಲ್ಕು ಹಳೇ ಹಂಚು ಒಟ್ಟಿ ಇಟ್ಟೇ ಇರುತ್ತಿದ್ದರು. ಜೆಪ್ಪುವಿನ ನಮ್ಮ ಮನೆಯಿಂದ ನಾನೂ ಒಂದನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಪಾಚಿ ಕಟ್ಟಿ ಕಪ್ಪಾಗಿತ್ತು. ಮಾಸ್ಟ್ರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಕವುಚಿ ಹಾಕಿದರು. ಅದರ ಮೇಲೆ ಬಿಳಿ ಕಾಗದ ಇಟ್ಟು, "ಪೆನ್ಸಿಲ್ ಮಲಗಿಸಿ ಉಜ್ಜು, ಒತ್ತಬೇಡ" ಅಂದರು. ಉಜ್ಜಿದೆ. ಮೊದಲು ಬರೇ ಕಪ್ಪು. ಆಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಎದ್ದು ಬಂತು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್. ಕೆಳಗೆ 1865.

"ನೂರು ವರ್ಷ ಹಳೇ ಹಂಚು ಸರ್!" ಅಂತ ಕೂಗಿದೆ.

"ಅಲ್ಲ ಮಾರಾಯ. ಅದು ಕಾರ್ಖಾನೆ ಶುರುವಾದ ವರ್ಷ. ಹಂಚು ಯಾವತ್ತಿನದೋ ಏನೋ. ನಿನ್ನ ಅಜ್ಜಿಯನ್ನು ಕೇಳು."

ಅಜ್ಜಿಯನ್ನು ಕೇಳಿದೆ. ಅವಳ ಅಪ್ಪ ಅದೇ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸದಲ್ಲಿದ್ದರಂತೆ. ಅಂಚು ಮುರಿದ ಹಂಚು ಕಮ್ಮಿ ಬೆಲೆಗೆ ಸಿಗುತ್ತಿತ್ತಂತೆ. ಹಾಗೆ ವರ್ಷಗಟ್ಟಲೆ ಕೂಡಿಟ್ಟು, ಮುಳಿಹುಲ್ಲಿನ ಮಾಡು ಕಿತ್ತು ಹಂಚು ಹಾಕಿಸಿದ್ದರು. "ಆ ವರ್ಷದ ಮಳೆಗೆ ನಾವು ಮೊದಲ ಸಲ ಒಣಗಿದ ಚಾಪೆಯಲ್ಲಿ ಮಲಗಿದೆವು" ಅಂದಳು ಅಜ್ಜಿ. ನಮ್ಮದು ಕ್ರೈಸ್ತ ಮನೆ ಅಲ್ಲ. ಆದರೂ ನಮ್ಮ ತಲೆ ಮೇಲಿದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಆ ಕ್ರೈಸ್ತ ಮಿಷನ್ನಿನ ಸಭೆಯವರ ಹಂಚು.

ಮಾಸ್ಟ್ರು ಬಲ್ಮಠದ ಕಡೆಯ ಸಭೆಯ, ಅಂದರೆ ಚರ್ಚಿನ, ಹಿರಿಯರಲ್ಲಿ ಒಬ್ಬರು. ಹಿರಿಯರು ಅಂದರೆ ವಯಸ್ಸಾದವರು ಅಂತಲೇ ನಾನು ತಿಳಿದಿದ್ದೆ. ಅದು ಒಂದು ಹೊಣೆ ಅಂತ ಆಮೇಲೆ ಗೊತ್ತಾಯಿತು. ಅಯ್ಯನವರು, ಅಂದರೆ ಪಾದ್ರಿಗಳು, ಪ್ರಸಂಗ ಮಾಡುತ್ತಾರೆ. ಆದರೆ ಯಾರ ಮನೆಯಲ್ಲಿ ಕಾಯಿಲೆ, ಯಾವ ಮಗುವಿಗೆ ಫೀಸು ಕಟ್ಟಿಲ್ಲ, ಲೆಕ್ಕ ಸರಿ ಇದೆಯಾ ಅಂತ ನೋಡುವವರು ಸಭೆಯೇ ಆರಿಸಿದ ಹಿರಿಯರು. ಹೀಗೆ ಹಿರಿಯರೇ ಸಭೆ ನಡೆಸುವ ಕ್ರೈಸ್ತ ಪಂಗಡಕ್ಕೆ ಪ್ರೆಸ್ಬಿಟೇರಿಯನ್ ಅನ್ನುತ್ತಾರೆ. ಆ ಪದ ಹುಟ್ಟಿದ್ದೂ ಹಿರಿಯ ಅನ್ನುವ ಅರ್ಥದ ಗ್ರೀಕ್ ಮಾತಿನಿಂದಲೇ. ಬಾಸೆಲ್ ಮಿಷನ್ನಿನವರು ತಮ್ಮನ್ನು ಆ ಹೆಸರಿನಿಂದ ಕರೆದುಕೊಳ್ಳಲಿಲ್ಲ. ಅವರಲ್ಲಿ ಲೂಥರನ್ ಪಂಗಡದವರೂ ಇದ್ದರು, ಸ್ವಿಸ್ ರಿಫಾರ್ಮ್ಡ್ ಪಂಗಡದವರೂ ಇದ್ದರು. ಆದರೆ ಸಭೆ ನಡೆಸುವ ಕ್ರಮ ಮಾತ್ರ ಹಿರಿಯರದ್ದೇ.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಬಂದದ್ದು ಧರ್ಮ ಸಾರಲಿಕ್ಕೆ. ಮಾಸ್ಟ್ರು ಅದನ್ನು ಯಾವತ್ತೂ ಮರೆಮಾಚಲಿಲ್ಲ. ಅದರ ಜೊತೆಗೇ ಒಂದು ಮಾತು ಹೇಳುತ್ತಿದ್ದರು. ಸಭೆಗೆ ಸೇರಿದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಗೇಣಿಗೆ ಹಿಡಿದ ಗದ್ದೆ ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು. ಭಾನುವಾರ ಪ್ರಾರ್ಥನೆಗೆ ಬಂದವರು ಸೋಮವಾರ ಏನು ತಿನ್ನಬೇಕು? ಈ ಪ್ರಶ್ನೆಯಿಂದಲೇ ಮಗ್ಗ ಬಂತು, ಅಚ್ಚುಕೂಟ ಬಂತು, ಹಂಚಿನ ಕಾರ್ಖಾನೆ ಬಂತು. ನನಗೆ ಈಗಲೂ ಆ ಸಭೆಯ ಚರಿತ್ರೆಯಲ್ಲಿ ದೊಡ್ಡದಾಗಿ ಕಾಣುವುದು ಇದೇ. ದಾನ ಕೊಟ್ಟು ಕೂರಿಸಲಿಲ್ಲ, ಕೈಗೆ ಕೆಲಸ ಕೊಟ್ಟರು. ಆ ಕೆಲಸ ನಿಧಾನಕ್ಕೆ ಊರಿನವರದ್ದೂ ಆಯಿತು.

ಹಂಚಿನ ಕೆಲಸ ಶುರುಮಾಡಿದವರು ಮಿಷನ್ನಿನ ಪ್ಲೆಬ್ಸ್ಟ್ ಅನ್ನುವವರು. ನೇತ್ರಾವತಿ ದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿ ಕೂರುವ ಹಾಗೆ ಹಂಚಿನಲ್ಲಿ ಗೆರೆ. ಗಾಳಿಗೆ ಹಾರುವುದಿಲ್ಲ, ನೀರು ಇಳಿಯುವುದಿಲ್ಲ. ಆಮೇಲೆ ಊರಿನ ಬೇರೆಯವರೂ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಅನ್ನುವ ಹೆಸರು ಸಮುದ್ರ ದಾಟಿತು. ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಅನ್ನುವವರು 1850ರ ಸುಮಾರಿಗೆ ಖಾಕಿ ಬಣ್ಣ ತಯಾರಿಸಿದ್ದನ್ನೂ ಮಾಸ್ಟ್ರು ಹೇಳಿದ್ದರು. ಎನ್‌ಸಿಸಿ ಡ್ರೆಸ್ ಹಾಕಿಕೊಂಡಿದ್ದ ಹುಡುಗರೆಲ್ಲ ತಮ್ಮ ಅಂಗಿ ನೋಡಿಕೊಂಡಿದ್ದು ನೆನಪಿದೆ.

ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಜರ್ಮನ್ನರನ್ನು ಬ್ರಿಟಿಷ್ ಸರ್ಕಾರ ಹಿಡಿದು ದೂರ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈ ಸೇರಿದವು. ಅಜ್ಜಿ ಹಂಚು ಹೊರಲು ಹೋಗುತ್ತಿದ್ದದ್ದು ಆ ಕಾಲದಲ್ಲಿ. ಸಭೆಗಳನ್ನು ನಡೆಸಿಕೊಂಡು ಹೋದವರು ಇಲ್ಲಿಯದೇ ಅಯ್ಯನವರು, ಹಿರಿಯರು.

ಆ ವರ್ಷದ ಜುಲೈಯಲ್ಲಿ ಮಾಸ್ಟ್ರು ನಮ್ಮನ್ನು ಬಲ್ಮಠ ಗುಡ್ಡಕ್ಕೆ ನಡೆಸಿಕೊಂಡು ಹೋದರು. ಜಿಟಿಜಿಟಿ ಮಳೆ. ಒಂದು ಕೊಡೆಗೆ ಮೂರು ಜನ. 1843ರ ಜುಲೈ 1ಕ್ಕೆ ಮಿಷನ್ನಿನ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ'ದ ಕಥೆಯನ್ನು ಅವರು ಮಳೆಯಲ್ಲೇ ನಿಂತು ಹೇಳಿದರು. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಂದು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಕಿಟೆಲ್ ನಿಘಂಟು ತೋರಿಸಿದರು.

ಅಷ್ಟು ದಪ್ಪದ ಪುಸ್ತಕ ನಾನು ಅದುವರೆಗೆ ನೋಡಿರಲಿಲ್ಲ. 1894ರಲ್ಲಿ ಮಿಷನ್ನಿನ ಇಲ್ಲಿಯ ಅಚ್ಚುಕೂಟದಲ್ಲೇ ಅಚ್ಚಾದದ್ದು, ಸುಮಾರು 70,000 ಪದ. "ನಿಮ್ಮ ಮನೆಯಲ್ಲಿ ದಿನಾ ಆಡುವ ಪದ ಹುಡುಕಿ" ಅಂದರು ಮಾಸ್ಟ್ರು. ನಾನು ಬಸಳೆ ಹುಡುಕಿದೆ. ಇತ್ತು! ನಮ್ಮ ಬಾವಿಕಟ್ಟೆಯ ಹತ್ತಿರ ಚಪ್ಪರಕ್ಕೆ ಹಬ್ಬಿದ ಬಸಳೆ ಅಷ್ಟು ದೊಡ್ಡ ಪುಸ್ತಕದಲ್ಲಿ ಕೂತಿತ್ತು. ಹಳಗನ್ನಡದ ವ್ಯಾಕರಣ ಶಬ್ದಮಣಿದರ್ಪಣದ ಪದಗಳೂ ಅಲ್ಲೇ, ಜನರ ಬಾಯಿಯ ಗಾದೆಗಳೂ ಅಲ್ಲೇ. ಕಿಟೆಲ್ ಜರ್ಮನಿಯವರು. 1853ರಲ್ಲಿ ಬಂದವರು. ಇಷ್ಟು ಪದ ಕೂಡಿಸಲು ಅವರು ಎಷ್ಟು ಜನರ ಹತ್ತಿರ ಕೂತು ಕೇಳಿರಬೇಕು, ಅಲ್ವಾ? ನಾನು ಮುಂದೆ ಕನ್ನಡ ಎಂ.ಎ. ಮಾಡಿದ್ದಕ್ಕೆ ಕಾರಣ ಕೇಳಿದರೆ ಆ ಬಸಳೆಯನ್ನೇ ಹೇಳುತ್ತೇನೆ. ಗುಂಡರ್ಟರ ಮಲಯಾಳ ನಿಘಂಟು, ಮ್ಯಾನರ್ ಅವರ ತುಳು ನಿಘಂಟು ಕೂಡ ಮಂಗಳೂರಿನ ಅದೇ ಅಚ್ಚುಕೂಟದಿಂದಲೇ ಬಂದವು.

ಬಸಳೆ ಅಂದಾಗ ಬೆಳೆ ಹಬ್ಬ ನೆನಪಾಗುತ್ತದೆ. ಆ ದಿನ ಸಭೆಯವರು ತಾವು ಬೆಳೆದದ್ದನ್ನು ತಂದು ದೇವರ ಮುಂದೆ ಇಡುತ್ತಿದ್ದರು. ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ನಮ್ಮ ಅಜ್ಜಿ ಕಾರ್ಖಾನೆಯ ಕಾಲದಿಂದಲೂ ಒಂದು ಕಟ್ಟು ಬಸಳೆ ಕಳಿಸುತ್ತಿದ್ದಳು. ಆ ವರ್ಷ ತೆಗೆದುಕೊಂಡು ಹೋದವನು ನಾನು.

ಏಲಂ ಕೂಗುತ್ತಿದ್ದವರು ನಮ್ಮ ಮಾಸ್ಟ್ರೇ. ಕ್ಲಾಸಿನಲ್ಲಿ ಮೆಲ್ಲಗೆ ಮಾತಾಡುವವರ ದನಿ ಅಲ್ಲಿ ರಸ್ತೆಗೆ ಕೇಳುತ್ತಿತ್ತು. "ಜೆಪ್ಪುವಿನ ಬಸಳೆ! ಎರಡು ರೂಪಾಯಿ ಒಂದು ಸರ್ತಿ, ಎರಡು ರೂಪಾಯಿ ಎರಡು ಸರ್ತಿ..." ಒಬ್ಬರು ನಾಲ್ಕು ರೂಪಾಯಿಗೆ ಹಿಡಿದರು. ಹಿಡಿದವರು ಮನೆಗೆ ಒಯ್ಯಲಿಲ್ಲ. "ಪುನಃ ಏಲಂಗೆ" ಅಂತ ತಿರುಗಿ ಕೊಟ್ಟರು. ಇನ್ನೊಬ್ಬರು ಐದಕ್ಕೆ ಹಿಡಿದು ಅವರೂ ಕೊಟ್ಟರು. ಹೀಗೆ ಒಂದೇ ಕಟ್ಟು ಬಸಳೆ ಮೂರು ಸಲ ಮಾರಿಹೋಯಿತು. ಎಲೆ ಬಾಡಿತ್ತು, ಡಬ್ಬಿಯಲ್ಲಿ ಹದಿನೈದು ರೂಪಾಯಿ ಬಿದ್ದಿತ್ತು. ಆ ಸಲದ ದುಡ್ಡಿನಲ್ಲಿ ಹಾಸ್ಟೆಲ್ ಮಕ್ಕಳಿಗೆ ಹೊದಿಕೆ ತಂದರು ಅಂತ ಮಾಸ್ಟ್ರು ಆಮೇಲೆ ಹೇಳಿದರು. ಅಜ್ಜಿಗೆ ಹೇಳಿದಾಗ ಅವಳು, "ನಮ್ಮ ಬಸಳೆಗೆ ಹದಿನೈದು ರೂಪಾಯಿಯಾ?" ಅಂತ ಮೂರು ಸಲ ಕೇಳಿದಳು.

ಆಸ್ಪತ್ರೆಯ ವಿಷಯ ಹೇಳದಿದ್ದರೆ ಅಮ್ಮ ಬಯ್ಯುತ್ತಾಳೆ. ಅವಳ ತವರು ಉಡುಪಿ. ನಾನು ಹುಟ್ಟಿದ್ದು ಅಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಅನ್ನುವ ಸ್ವಿಸ್ ಹೆಂಗಸು ಶುರುಮಾಡಿದ್ದು. ಗಂಡಸು ಡಾಕ್ಟರಿಗೆ ತೋರಿಸಲು ನಾಚುತ್ತಿದ್ದ ಹೆಂಗಸರು ಧೈರ್ಯವಾಗಿ ಹೋಗುತ್ತಿದ್ದ ಜಾಗ ಅದು ಅಂತ ಅಮ್ಮ ಹೇಳುತ್ತಾಳೆ.

ಮಾಸ್ಟ್ರು ಈಗಿಲ್ಲ. ಅವರ ಮಣ್ಣಿಗೆ ಹೋದ ದಿನ ಅಲ್ಲಿ ಎಲ್ಲ ಜಾತಿಯ ಹಳೇ ವಿದ್ಯಾರ್ಥಿಗಳೂ ಇದ್ದೆವು. ಅವರು ಕಲಿಸಿದ ಒಂದು ಹಾಡನ್ನು ಪುಸ್ತಕ ನೋಡದೆ ಹಾಡಿದೆವು.

ನಮ್ಮ ಜೆಪ್ಪುವಿನ ಮನೆಯನ್ನು 1998ರಲ್ಲಿ ಕೆಡವಿ ತಾರಸಿ ಹಾಕಿಸಿದೆವು. ಹಂಚು ಕೊಳ್ಳಲು ಬಂದವನು ಲೆಕ್ಕ ಮಾಡುತ್ತಿದ್ದಾಗ ನಾನು ಎರಡು ಹಂಚು ತೆಗೆದು ಬದಿಗಿಟ್ಟೆ. ಒಂದು ನನ್ನ ಮೇಜಿನ ಮೇಲಿದೆ. ಇನ್ನೊಂದನ್ನು ಈ ಸಲದ ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಬರುವಾಗ ಶಾಲೆಗೆ ತರುತ್ತೇನೆ. ಒರೆಸಿ ಇಟ್ಟಿದ್ದೇನೆ. ಎಂಟನೇ ಕ್ಲಾಸಿನ ಮಕ್ಕಳು ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದುಕೊಂಡು ಬಂದರೆ ಸಾಕು.