ಹಗ್ಗ ಎಲ್ಲಿಗೆ ಕಟ್ತೀರಿ?

ನಮ್ ಮಾರುತಿ ಜಿಮ್ನಿ, ಫೋರ್ ವೀಲ್ ಡ್ರೈವ್ ಗಾಡಿ, ಬಂದಾಗಿಂದ ಮನೇಲಿ ಒಂದೇ ಮಾತು, ಏನೇನ್ ಹಾಕಿಸ್ತೀಯ ಅಂತ. ಈ ವಾರ ಮಂಡಲ್‌ಪಟ್ಟಿ ರೋಡಲ್ಲಿ ಟೂರಿಸ್ಟ್ ಜೀಪ್ ಓಡಿಸೋ ಅಣ್ಣ ಒಬ್ರು ಸಿಕ್ಕಿದ್ರು. ಗಾಡಿ ಸುತ್ತ ಒಂದ್ ರೌಂಡ್ ಬಂದ್ರು, ಬಣ್ಣ ನೋಡ್ಲಿಲ್ಲ, ರೇಟ್ ಕೇಳ್ಲಿಲ್ಲ, ಬಗ್ಗಿ ಬಂಪರ್ ಅಡಿ ನೋಡಿ "ಹಗ್ಗ ಎಲ್ಲಿಗೆ ಕಟ್ತೀರಿ?" ಅಂದ್ರು ಅಷ್ಟೇ. ಕೆಸರಲ್ಲಿ ಹೂತ್ರೆ ಗಾಡಿ ಎಳೆಯೋಕೆ ಹಗ್ಗ ಕಟ್ಟೋ ಜಾಗ ಎಲ್ಲಿ ಅಂತ.

ಅದಕ್ಕೆ ಹಿಂದಿನ ದಿನ ಮೈಸೂರಲ್ಲಿ ಆಕ್ಸೆಸರಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಹುಡುಗ ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್, ಇಂಜಿನ್‌ಗೆ ಮೇಲಿಂದ ಗಾಳಿ ಎಳೆಯೋ ಪೈಪು ಸ್ನಾರ್ಕೆಲ್, ರೂಫ್ ರ್‍ಯಾಕ್, ಲೈಟ್ ಬಾರ್ ಅಂತ ಫೋಟೋ ಮೇಲೆ ಫೋಟೋ ತೋರಿಸ್ದ, ಎಲ್ಲಿ ಓಡಿಸ್ತೀರಿ ಅಂತ ಮಾತ್ರ ಒಂದ್ಸಲಾನೂ ಕೇಳ್ಲಿಲ್ಲ. ಒಳ್ಳೆ ಹುಡುಗಾನೇ, ಆದ್ರೆ ಅವನು ಮಾರೋದು ಫೋಟೋನ. ನಮ್ ಭಾವನ ಥಾರ್ ಅಂಥದೇ ಅಂಗಡಿಲಿ ರೆಡಿಯಾಗಿದ್ದು, ಮೇಲೆ ರ್‍ಯಾಕು, ರ್‍ಯಾಕ್ ಮೇಲೆ ಜೆರ್ರಿಕ್ಯಾನು, ಓಡೋದು ಮಡಿಕೇರಿ-ಮೈಸೂರು ಟಾರ್ ರೋಡಲ್ಲಿ. ಒಂದ್ಸಲ ನಮ್ಮ ತೋಟದೊಳಗೆ ತಂದಾಗ ಮರದ ಕೊಂಬೆಗೆ ರ್‍ಯಾಕ್ ಸಿಕ್ಕಾಕೊಂಡು ಕತ್ತಿ ತರಿಸ್ಬೇಕಾಯ್ತು.

ಹಗ್ಗ ಎಲ್ಲಿಗೆ ಕಟ್ತೀರಿ ಅನ್ನೋದು ತಲೆಲಿ ಕೂತ್ಮೇಲೆ ಲಿಸ್ಟಲ್ಲಿ ಒಂದೊಂದೇ ಉದುರೋಕೆ ಶುರುವಾಯ್ತು. ಸ್ನಾರ್ಕೆಲ್ ಇಂಜಿನ್‌ಗೆ ನೀರು ಹೋಗೋದನ್ನ ತಡೀಬಹುದು, ಆದ್ರೆ ಜುಲೈಲಿ ನಮ್ ತೋಡಲ್ಲಿ ಭಯ ಇರೋದು ನೀರಿನ ಆಳಕ್ಕಲ್ಲ, ಸೆಳೆತಕ್ಕೆ, ಈ ಹಗುರ ಗಾಡಿನ ಅದು ಪಕ್ಕಕ್ಕೆ ತಳ್ಳಿದ್ರೆ ಸ್ನಾರ್ಕೆಲ್ ಏನ್ ಮಾಡುತ್ತೆ? ಲೈಟ್ ಬಾರ್ ಬೆಳಕು ಮಡಿಕೇರಿ ಮಂಜಲ್ಲಿ ವಾಪಸ್ ಕಣ್ಣಿಗೇ ಹೊಡೆಯುತ್ತೆ, ಕೆಳಗಡೆ ಹಳದಿ ಫಾಗ್ ಲ್ಯಾಂಪೇ ವಾಸಿ. ಮುಂದೆ ಹಾಕೋ ಕಬ್ಬಿಣದ ಗಾರ್ಡ್, ಬುಲ್ ಬಾರ್‌ಗೆ 2017ರಲ್ಲೇ ಸರ್ಕಾರ ಬೇಡ ಅಂದಿದೆ, ಏರ್‌ಬ್ಯಾಗ್ ಸೆನ್ಸರ್‌ಗೂ ತೊಂದರೆ. ಲಿಫ್ಟ್ ಬೇಡ, ಗಾಡಿ ಹೊಟ್ಟೆಗೂ ನೆಲಕ್ಕೂ ಇರೋ 210 ಎಂಎಂ ಕ್ಲಿಯರೆನ್ಸ್ ನಮ್ ತೋಟದ ದಾರಿಗೆ ಸಾಕು.

ಟೈರ್ ವಿಷಯ ಮಾತ್ರ ಬೇರೆ. ಕಂಪನಿದು 195/80 ಆರ್15 ಸೈಜು, ಒದ್ದೆ ಕೆಂಪು ಮಣ್ಣಲ್ಲಿ ಅದರ ಸಂದಿ ಪೂರ್ತಿ ಮೆತ್ಕೊಂಡ್ಬಿಟ್ರೆ ನಾಲ್ಕೂ ಚಕ್ರಕ್ಕೆ ಜೋರು ಕೊಡೋ ಫೋರ್ ಲೋ ಗೇರ್ ಹಾಕಿದ್ರೂ ಚಕ್ರ ಸುಮ್ನೆ ತಿರುಗುತ್ತೆ ಅಷ್ಟೇ. ಮಡ್ ಟೈರ್ ಹಾಕ್ಸಿದ್ರೆ ಮಳೇಲಿ ಘಾಟಿ ಟಾರ್ ಮೇಲೆ ಬ್ರೇಕ್‌ಗೆ ನಂಬಿಕೆ ಇಲ್ಲ, ಸದ್ದೂ ಜಾಸ್ತಿ. ಅದಕ್ಕೇ ಮಣ್ಣಿಗೂ ಟಾರ್‌ಗೂ ಆಗೋ ಆಲ್ ಟೆರೇನ್, 215/75 ಸೈಜು, ಟೈರ್ ಎತ್ತರ ಹೆಚ್ಚೋದು ಬರೀ ಒಂದು ಸೆಂಟಿಮೀಟರ್, ಸ್ಪೀಡೋಮೀಟರ್‌ಗೂ ದೊಡ್ಡ ವ್ಯತ್ಯಾಸ ಬರಲ್ಲ. ಜೊತೆಗೆ ಗಾಳಿ ತುಂಬೋಕೊಂದು ಕಂಪ್ರೆಸರ್, ಯಾಕಂದ್ರೆ ಕೆಸರಲ್ಲಿ ಹಿಡಿತಕ್ಕೆ ಟೈರ್ ಗಾಳಿ ಇಳಿಸೋದು ಸುಲಭ, ವಾಪಸ್ ಟಾರ್‌ಗೆ ಬಂದ್ಮೇಲೆ ಬಂಕ್ ಎಲ್ಲಿದೆ?

ಆಮೇಲೆ ಗಟ್ಟಿ ಹಗ್ಗ, ಹಗ್ಗ ಸಿಕ್ಕಿಸೋಕೆ ಎರಡು ಶ್ಯಾಕಲ್ ಕೊಂಡಿ, ಮರಕ್ಕೆ ಸುತ್ತೋ ಅಗಲದ ಪಟ್ಟಿ, ಚಾಸಿಗೆ ಬೋಲ್ಟ್ ಆಗೋ ರಿಕವರಿ ಪಾಯಿಂಟ್, ಅಂದ್ರೆ ಹಗ್ಗ ಕಟ್ಟೋ ಕೊಕ್ಕೆ. ಇದ್ಯಾವ್ದೂ ಫೋಟೋದಲ್ಲಿ ಕಾಣಲ್ಲ, ಅದಕ್ಕೇ ಅಂಗಡಿ ಹುಡುಗ ತೋರಿಸ್ಲೂ ಇಲ್ಲ ಅನ್ಸುತ್ತೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ರೋಡೇ ಇಲ್ದಂಗಾದಾಗ ಜನ ನಡ್ಕೊಂಡೇ ಆಚೆ ಬಂದ್ರು, ಅದನ್ನ ನೋಡಿದ ಊರಲ್ಲಿ ನಾವೇ ಗಾಡಿ ಎಲ್ಲಿಗಾದ್ರೂ ಹೋಗುತ್ತೆ ಅಂತ ಸ್ಟಿಕ್ಕರ್ ಅಂಟಿಸ್ಕೊಂಡು ತಿರುಗ್ತೀವಲ್ಲ, ನನಗೆ ಒಂಥರಾ ಅನ್ಸುತ್ತೆ. ಆ ಜೀಪ್ ಅಣ್ಣ ಹಗ್ಗ ಕೇಳಿದ್ದು ಸಿಕ್ಕಾಕೊಳ್ಳೋದು ಗ್ಯಾರಂಟಿ ಅಂದ್ಕೊಂಡೇ, ಇಲ್ಲಿ ದಿನಾ ಓಡಿಸೋರು ಹಂಗೇ ಯೋಚ್ನೆ ಮಾಡ್ತಾರೆ.

ಇನ್ನು ಸೈಡ್ ಸ್ಟೆಪ್, ಬಾಗಿಲ ಕೆಳಗೆ ಕಾಲಿಟ್ಟು ಹತ್ತೋ ಮೆಟ್ಟಿಲು. ಅದು ಕಲ್ಲಿಗೆ ತಾಗುತ್ತೆ, ಬೇಡ್ವೇ ಬೇಡ ಅಂತ ಭಾವ ಫೋನಲ್ಲಿ ಭಾಷಣ ಮಾಡಿದ್ರು. ಅಮ್ಮನ ಮಂಡಿ ನೋವು ಅವ್ರಿಗೇನ್ ಗೊತ್ತು, ಹಾಕಿಸ್ತಿದ್ದೀನಿ.